ಮಾರ್ಟಿನ್ ಬೆಕ್ ಕಾದಂಬರಿಮಾಲೆ

ಸ್ವೀಡನ್ನಿನ ಬಾಳಸಂಗಾತಿಗಳಾದ ಮಾಯ್ ಶೋವಾಲ್ (1935–2020) ಮತ್ತು ಪೇರ್ ವಾಲೋ (1926–1975) ಕೂಡಿ ಬರೆದ ಹತ್ತು ಪತ್ತೇದಾರಿ ಕಾದಂಬರಿಗಳು. 1965ರಿಂದ 1975ರವರೆಗೆ ಪ್ರಕಟವಾದವು. ಮಾಲೆಗೆ ಅವರಿಟ್ಟ ಉಪಶೀರ್ಷಿಕೆ ‘ಒಂದು ಅಪರಾಧದ ಕಾದಂಬರಿ’. ಆ ಅಪರಾಧ ಯಾವುದೋ ಒಂದು ಕೊಲೆಯಲ್ಲ. ಕಲ್ಯಾಣರಾಜ್ಯವೆಂದು ಹೆಸರಾದ ಸ್ವೀಡನ್ ದುಡಿಯುವ ವರ್ಗಕ್ಕೆ ಬಗೆದ ದ್ರೋಹ. ಮಾರ್ಕ್ಸ್‌ವಾದಿಗಳಾದ ಈ ಇಬ್ಬರ ನಿಲುವು ಅದು.

ರಾಜಕೀಯ ಪ್ರಬಂಧ ಓದದವರೂ ಕೊಲೆಗಾರ ಯಾರೆಂದು ತಿಳಿಯಲು ಪುಟ ತಿರುವುತ್ತಾರೆ. ಆ ಕುತೂಹಲದ ಬೆನ್ನೇರಿಸಿ ಕಹಿ ವಿಚಾರವನ್ನು ಮನೆಮನೆಯೊಳಕ್ಕೆ ದಾಟಿಸುವುದು ಅವರ ಹಂಚಿಕೆ. ಆತುರಪಡಲಿಲ್ಲ. ಮೊದಲ ಕಾದಂಬರಿ ‘ರೋಸಾನ್ನಾ’ (1965) ಯೋತಾ ಕಾಲುವೆಯ ಹೂಳೆತ್ತುವಾಗ ಸಿಕ್ಕ ಹೆಣ್ಣಿನ ಶವದಿಂದ ಶುರುವಾಗಿ, ತಿಂಗಳುಗಟ್ಟಲೆ ತೆವಳುವ ತನಿಖೆಯನ್ನು ಹೇಳುತ್ತದೆ. ಟೀಕೆ ಮೊನಚಾಗುವುದು ಮುಂದಿನ ಪುಸ್ತಕಗಳಲ್ಲಿ. ಕಡೆಯ ‘ಭಯೋತ್ಪಾದಕರು’ (1975) ಕೃತಿಯಲ್ಲಿ ಪ್ರಧಾನಿಯನ್ನು ಗುಂಡಿಟ್ಟು ಕೊಲ್ಲುವವಳು ವೃತ್ತಿಪರ ಹಂತಕಿಯಲ್ಲ, ವ್ಯವಸ್ಥೆ ಕೈಬಿಟ್ಟ ಎಳೆಯ ತಾಯಿ. ಓದುಗ ಅವಳನ್ನು ದ್ವೇಷಿಸಲಾರ. ಇಡೀ ಮಾಲೆಯ ಅತ್ಯಂತ ದಿಟ್ಟ ಪ್ರಚೋದನೆ ಇದೇ. (ನಿಜಜೀವನದಲ್ಲಿ ಸ್ವೀಡನ್ನಿನ ಪ್ರಧಾನಿ ಊಲೋಫ್ ಪಾಲ್ಮೆ ಸ್ಟಾಕ್‌ಹೋಮಿನ ಬೀದಿಯಲ್ಲಿ ಗುಂಡೇಟಿಗೆ ಬಲಿಯಾದದ್ದು 1986ರಲ್ಲಿ.)

ವಿಚಾರ ಭಾಷಣವಾಗದಂತೆ ಕಾಯುವುದು ಸಣ್ಣ ವಿವರಗಳು: ತನಿಖಾಧಿಕಾರಿ ಮಾರ್ಟಿನ್ ಬೆಕ್‌ನ ಕೆಡುವ ಹೊಟ್ಟೆ, ಬಿಡದ ನೆಗಡಿ, ಒಳಗೊಳಗೇ ಮುರಿಯುತ್ತಿರುವ ದಾಂಪತ್ಯ. ಲೇಖಕರು ಮಕ್ಕಳು ಮಲಗಿದ ಮೇಲೆ, ಅಧ್ಯಾಯಗಳನ್ನು ಹಂಚಿಕೊಂಡು ರಾತ್ರಿ ಬರೆಯುತ್ತಿದ್ದರು. ‘ನಗುವ ಪೊಲೀಸ್’ (1968) 1971ರಲ್ಲಿ ಪತ್ತೇದಾರಿ ಸಾಹಿತ್ಯಕ್ಕೆ ಮೀಸಲಾದ ಅಮೆರಿಕದ ಎಡ್ಗರ್ ಪ್ರಶಸ್ತಿ ಪಡೆಯಿತು. ಪತ್ತೇದಾರಿ ಕಥೆಯೊಳಗೆ ಸಮಾಜದ ಟೀಕೆ ಬೆರೆಸುವ ಇದೇ ಹಾದಿಯಲ್ಲಿ ಮುಂದೆ ಸ್ವೀಡನ್ನಿನ ಕಾದಂಬರಿಕಾರ ಹೆನ್ನಿಂಗ್ ಮಾಂಕೆಲ್ ನಡೆದರು.