ಆನುವಂಶಿಕ ಕೊಲೆಸ್ಟರಾಲ್ ವ್ಯಾಧಿಯೂ ಶಸ್ತ್ರಚಿಕಿತ್ಸೆಯೂ

ರೋಗದ ಕಾರಣವನ್ನು ಮೊದಲು ತಿಳಿದು ಅನಂತರ ಚಿಕಿತ್ಸೆಗೆ ತೊಡಗಬೇಕೆಂಬುದು ವೈದ್ಯಶಾಸ್ತ್ರದ ಸಾಮಾನ್ಯ ನಿಯಮ. ಈ ಕ್ರಮವು ವ್ಯತ್ಯಸ್ತವಾದ ನಿದರ್ಶನಗಳೂ ಉಂಟು. ವಂಶಪಾರಂಪರ್ಯವಾಗಿ ಬರುವ ಅಧಿಕ ಕೊಲೆಸ್ಟರಾಲ್ ವ್ಯಾಧಿಯಲ್ಲಿ ಶಸ್ತ್ರವೈದ್ಯನ ಪ್ರಯತ್ನವು ಮುಂದೆ ನಡೆಯಿತು. ಕಾರಣಜ್ಞಾನವು ಅದನ್ನು ಹಿಂಬಾಲಿಸಿತು.

ಕೊಲೆಸ್ಟರಾಲ್ ಎಂಬುದು ಮೇಣದಂತಹ ಒಂದು ಪದಾರ್ಥ. ದೇಹಕ್ಕೆ ಅದು ಆವಶ್ಯಕವಾದರೂ ರಕ್ತದಲ್ಲಿ ಮಿತಿಮೀರಿದಾಗ ಧಮನಿಗಳ ಒಳಗೋಡೆಯಲ್ಲಿ ಸಂಚಯವಾಗಿ ಹೃದಯಾಘಾತಕ್ಕೆ ಕಾರಣವಾಗುತ್ತದೆ. ಹೃದ್ರೋಗ, ಸ್ನಾಯುರಜ್ಜುಗಳ ಮೇಲಣ ಹಳದಿ ಗಂಟುಗಳು, ರಕ್ತದ ಅಧಿಕ ಕೊಲೆಸ್ಟರಾಲ್ ಇವು ಮೂರೂ ಒಂದೇ ಮನೆತನದಲ್ಲಿ ಕೂಡಿಬರುವುದನ್ನು ನಾರ್ವೆ ದೇಶದ ಕಾರ್ಲ್ ಮ್ಯುಲ್ಲರ್ ೧೯೩೮ರಲ್ಲಿ ೧೭ ಕುಟುಂಬಗಳನ್ನು ಪರೀಕ್ಷಿಸಿ ವಿವರಿಸಿದನು. ತಂದೆತಾಯಿಗಳಲ್ಲಿ ಒಬ್ಬರಿಂದ ಮಾತ್ರ ದೋಷವನ್ನು ಪಡೆದವರಿಗೆ ರೋಗವು ನಡುವಯಸ್ಸಿನಲ್ಲಿ ತಲೆದೋರುತ್ತದೆಂದೂ, ಇಬ್ಬರಿಂದಲೂ ಪಡೆದ ಮಕ್ಕಳಿಗೆ ಬಾಲ್ಯದಲ್ಲಿಯೇ ಮಾರಕವಾಗುತ್ತದೆಂದೂ ಬೈರೂತ್ ನಗರದ ಖಚದೂರಿಯನ್ ೧೯೬೪ರಲ್ಲಿ ತೋರಿಸಿದನು. ಆಗ ಇದ್ದ ಪಥ್ಯವಾಗಲಿ ಔಷಧವಾಗಲಿ ಇಂತಹ ಮಕ್ಕಳಿಗೆ ಸಾಲುತ್ತಿರಲಿಲ್ಲ.

ಇದಕ್ಕೆ ಒಂದು ವರ್ಷ ಮುಂಚೆ, ೧೯೬೩ರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾನಿಲಯದಲ್ಲಿ ಹೆನ್ರಿ ಬುಕ್‌ವಾಲ್ಡ್ ಒಂದು ನೂತನ ಶಸ್ತ್ರಕ್ರಿಯೆಯನ್ನು ಕೈಕೊಂಡಿದ್ದನು. ಪಿತ್ತರಸದ ಆಮ್ಲಗಳು ಕೊಲೆಸ್ಟರಾಲಿನಿಂದಲೇ ಉತ್ಪನ್ನವಾಗಿ, ತಮ್ಮ ಕೆಲಸ ಮುಗಿದ ಮೇಲೆ ಸಣ್ಣಕರುಳಿನ ಕೊನೆಯ ಭಾಗದಲ್ಲಿ ಹೀರಲ್ಪಟ್ಟು ಯಕೃತ್ತಿಗೆ ಮರಳುತ್ತವೆ. ಬುಕ್‌ವಾಲ್ಡನು ಸಣ್ಣಕರುಳಿನ ಕೊನೆಯ ಮೂರನೆಯ ಒಂದು ಪಾಲನ್ನು ಆಹಾರದ ಮಾರ್ಗದಿಂದ ತಪ್ಪಿಸಿ, ಉಳಿದುದನ್ನು ದೊಡ್ಡಕರುಳಿಗೆ ಜೋಡಿಸಿದನು. ಮರಳಬೇಕಾದ ಆಮ್ಲಗಳು ಮಲದೊಡನೆ ಹೊರಹೋದುವು. ಆ ನಷ್ಟವನ್ನು ತುಂಬಲು ಯಕೃತ್ತು ರಕ್ತದಿಂದ ಹೆಚ್ಚು ಕೊಲೆಸ್ಟರಾಲನ್ನು ಸೆಳೆಯಬೇಕಾಯಿತು. ಇದಕ್ಕೆ ತೆರಬೇಕಾದ ಬೆಲೆಯೂ ಇತ್ತು. ಅತಿಸಾರ ಉಂಟಾಗುತ್ತಿತ್ತು, ಬಿ-೧೨ ಜೀವಸತ್ವವನ್ನು ಹೀರುವ ಭಾಗವೇ ತಪ್ಪಿಹೋದುದರಿಂದ ಅದನ್ನು ಆಜೀವಪರ್ಯಂತ ಚುಚ್ಚುಮದ್ದಿನ ಮೂಲಕ ಕೊಡಬೇಕಾಗುತ್ತಿತ್ತು.

ಒಬ್ಬರಿಂದ ದೋಷವನ್ನು ಪಡೆದವರಲ್ಲಿ ಈ ಕ್ರಿಯೆ ಸಫಲವಾಯಿತು. ಇಬ್ಬರಿಂದಲೂ ಪಡೆದ ಮಕ್ಕಳಲ್ಲಿ ವಿಫಲಪ್ರಾಯವಾಯಿತು. ಈ ಭೇದವನ್ನು ಅರ್ಥವಿಸಲು ಆಧಾರ ದೊರೆತುದು ೧೯೭೩-೭೪ರಲ್ಲಿ. ಕೊಲೆಸ್ಟರಾಲನ್ನು ಹೊತ್ತ ಕಣಗಳನ್ನು ರಕ್ತದಿಂದ ಹಿಡಿದು ಒಳಸೇರಿಸುವ ಗ್ರಾಹಕಗಳು ಜೀವಕೋಶಗಳ ಮೇಲಿವೆಯೆಂದೂ, ಈ ರೋಗದಲ್ಲಿ ಅವು ಕೊರತೆಯಾಗಿವೆ ಇಲ್ಲವೆ ನಿಷ್ಫಲವಾಗಿವೆಯೆಂದೂ ಡಲ್ಲಾಸ್ ನಗರದ ಗೋಲ್ಡ್‌ಸ್ಟೀನ್ ಮತ್ತು ಬ್ರೌನ್ ಪ್ರತಿಪಾದಿಸಿದರು. ಗ್ರಾಹಕಗಳು ಅರ್ಧದಷ್ಟಾದರೂ ಉಳಿದಿದ್ದರೆ ಯಕೃತ್ತು ಅವನ್ನು ಹೆಚ್ಚಿಸಿಕೊಳ್ಳಬಲ್ಲುದು. ಕಾರ್ಯಕಾರಿಯಾದುದು ಒಂದೂ ಇಲ್ಲದೆಡೆ ಕರುಳಿನ ಮಾರ್ಗವನ್ನು ತಿರುಗಿಸಿ ಫಲವೇನು?

ಅಂತಹ ಮಕ್ಕಳಿಗಾಗಿ ಥಾಮಸ್ ಸ್ಟಾರ್ಜ್ಲ್ ೧೯೭೩ರಲ್ಲಿ ಡೆನ್ವರ್ ನಗರದಲ್ಲಿ ಬೇರೊಂದು ಉಪಾಯವನ್ನು ಹೂಡಿದನು. ಕರುಳಿನಿಂದ ಯಕೃತ್ತಿಗೆ ರಕ್ತವನ್ನೊಯ್ಯುವ ಅಭಿಧಮನಿಯನ್ನು ದೇಹದ ಮಹಾಭಿಧಮನಿಗೆ ಸೇರಿಸಿ, ಆ ರಕ್ತವು ಯಕೃತ್ತನ್ನು ತಪ್ಪಿಸಿ ಹರಿಯುವಂತೆ ಮಾಡಿದನು. ೧೨ ವರ್ಷದ ಬಾಲಿಕೆಯೊಬ್ಬಳಲ್ಲಿ ಕೊಲೆಸ್ಟರಾಲ್ ಇಳಿಯಿತು. ಚರ್ಮದ ಗಂಟುಗಳು ಕುಗ್ಗಿದುವು. ಆದರೂ ಮೂಲದೋಷವು ಹಾಗೆಯೇ ಉಳಿದಿತ್ತು.

ನಿರ್ಣಾಯಕವಾದ ಪರೀಕ್ಷೆ ನಡೆದುದು ೧೯೮೪ರ ಫೆಬ್ರವರಿಯಲ್ಲಿ, ಪಿಟ್ಸ್‌ಬರ್ಗ್ ನಗರದಲ್ಲಿ. ಆರು ವರ್ಷದ ಬಾಲಿಕೆಯೊಬ್ಬಳಿಗೆ ಸ್ಟಾರ್ಜ್ಲನೂ ಆತನ ಸಹೋದ್ಯೋಗಿಗಳೂ ಹೃದಯವನ್ನೂ ಯಕೃತ್ತನ್ನೂ ಒಟ್ಟಿಗೆ ಕಸಿಮಾಡಿದರು. ೧೦೦ ಮಿಲಿಲೀಟರಿಗೆ ೧೦೦೦ ಮಿಲಿಗ್ರಾಮಿಗೂ ಮೀರಿದ್ದ ಕೊಲೆಸ್ಟರಾಲ್ ೩೦೦ಕ್ಕಿಂತ ಕೆಳಗಿಳಿಯಿತು. ಅವಳ ದೇಹದ ಇತರ ಜೀವಕೋಶಗಳಲ್ಲಿ ದೋಷವು ಹಿಂದಿನಂತೆಯೇ ಇದ್ದಿತು. ಆದುದರಿಂದ ರಕ್ತವನ್ನು ಶುದ್ಧಿಗೊಳಿಸುವ ಭಾರ ಮುಖ್ಯವಾಗಿ ಯಕೃತ್ತಿನದೆಂಬುದು ಮನುಷ್ಯಶರೀರದಲ್ಲಿಯೇ ಪ್ರತ್ಯಕ್ಷಸಿದ್ಧವಾಯಿತು. ಬಾಲಿಕೆ ಮತ್ತೆ ಆರು ವರ್ಷಕ್ಕೂ ಮೇಲ್ಪಟ್ಟು ಬದುಕಿ, ೧೯೯೦ರಲ್ಲಿ ತೀರಿಕೊಂಡಳು.

ಅದೇ ೧೯೯೦ರಲ್ಲಿ ಬುಕ್‌ವಾಲ್ಡನ ಶಸ್ತ್ರಕ್ರಿಯೆಯ ದೀರ್ಘಪರೀಕ್ಷೆಯ ಫಲಿತಾಂಶವೂ ಪ್ರಕಟವಾಯಿತು. ಒಮ್ಮೆ ಹೃದಯಾಘಾತಕ್ಕೀಡಾಗಿ ಉಳಿದ, ಕೊಲೆಸ್ಟರಾಲ್ ಅಧಿಕವಾಗಿದ್ದ ೮೩೮ ಮಂದಿಯಲ್ಲಿ, ಶಸ್ತ್ರಕ್ರಿಯೆ ಪಡೆದವರಿಗೆ ಹೃದ್ರೋಗದ ಮರಣವೂ ಪುನರಾಘಾತವೂ ಕೂಡಿ ಶೇಕಡ ೩೫ರಷ್ಟು ಕಡಮೆಯಾಗಿದ್ದುವು. ಒಟ್ಟು ಮರಣಸಂಖ್ಯೆಯಲ್ಲಿ ಮಾತ್ರ ಆಗ ನಿಶ್ಚಿತವಾದ ವ್ಯತ್ಯಾಸ ಕಾಣಲಿಲ್ಲ. ಕೊಲೆಸ್ಟರಾಲನ್ನು ಇಳಿಸುವುದು ಹೃದಯಕ್ಕೆ ಹಿತವೆಂಬ ಪಕ್ಷಕ್ಕೆ ಇದು ಬಲವಾದ ಪ್ರಮಾಣ. ಆದರೆ ಅಷ್ಟರಲ್ಲಿ ಶಸ್ತ್ರದ ಕಾಲ ಕಳೆದಿತ್ತು. ಜಪಾನಿನ ಅಕಿರ ಎಂಡೊ ಬೂಷ್ಟಿನಿಂದ ತೆಗೆದ ದ್ರವ್ಯದಿಂದ ಮೊದಲಾದ ಸ್ಟ್ಯಾಟಿನ್ ಔಷಧವರ್ಗದ ಮೊದಲ ಗುಳಿಗೆಗೆ ಅಮೆರಿಕದಲ್ಲಿ ೧೯೮೭ರಲ್ಲಿಯೇ ಅನುಮತಿ ದೊರೆತಿತ್ತು. ಯಕೃತ್ತಿನೊಳಗೆ ಕೊಲೆಸ್ಟರಾಲಿನ ಅಭಾವವನ್ನುಂಟುಮಾಡಿ ಗ್ರಾಹಕಗಳನ್ನು ಹೆಚ್ಚಿಸುವುದೇ ಗುಳಿಗೆಯ ಕಾರ್ಯ. ಕರುಳಿನ ಶಸ್ತ್ರಕ್ರಿಯೆ ಮಾಡಿದ್ದುದೂ ಅದನ್ನೇ.

ಹೀಗೆ ಕರುಳಿನ ಶಸ್ತ್ರಕ್ರಿಯೆಯು ಬಳಕೆಯಿಂದ ಬಹುಮಟ್ಟಿಗೆ ಮರೆಯಾದರೂ, ಅದು ಆಶ್ರಯಿಸಿದ್ದ ತತ್ತ್ವವು ಔಷಧದಲ್ಲಿ ಉಳಿದುಬಂದಿದೆ. ಗ್ರಾಹಕಗಳೇ ಇಲ್ಲದ ಮಕ್ಕಳಿಗೆ ಈ ಗುಳಿಗೆಯಿಂದ ಅಲ್ಪವೇ ಪ್ರಯೋಜನ. ಗ್ರಾಹಕಗಳನ್ನು ಅವಲಂಬಿಸದ ಔಷಧಗಳು ಈಚೆಗೆ ಬಂದಿದ್ದರೂ, ಅವುಗಳಿಂದಲೂ ರೋಗವು ಹತೋಟಿಗೆ ಬಾರದಿದ್ದಲ್ಲಿ ಯಕೃತ್ತಿನ ಕಸಿಯು ಇಂದಿಗೂ ವೈದ್ಯರ ಕೈಯಲ್ಲಿರುವ ಒಂದು ಮಾರ್ಗವಾಗಿದೆ.