ಸಂಬಳದ ತೆರಿಗೆಯೂ ಐರ್ಲೆಂಡಿನ ಸಂಸತ್ತೂ

ಐರ್ಲೆಂಡಿನಲ್ಲಿ ನೌಕರನ ವೇತನವು ಕೈಸೇರುವ ಮುನ್ನವೇ ಅದರಿಂದ ಆದಾಯ ತೆರಿಗೆಯನ್ನು ಮುರಿದುಕೊಳ್ಳುವ ಪದ್ಧತಿಯು, ಜೇಮ್ಸ್ ರಯನ್ ಅರ್ಥಸಚಿವರಾಗಿದ್ದಾಗ, 1959ರ ಶಾಸನದಿಂದ ಅಂಗೀಕೃತವಾಗಿ 1960ರ ಅಕ್ಟೋಬರಿನಲ್ಲಿ ಆಚರಣೆಗೆ ಬಂದಿತು. ಒಟ್ಟಾಗಿ ತೆರಬೇಕಾದ ಭಾರವು ಹೀಗೆ ವರ್ಷವಿಡೀ ಹಂಚಿಹೋದುದು ಅನುಕೂಲವೇ ಸರಿ. ಆದರೆ ಕೃಷಿಕರೂ ಸ್ವತಂತ್ರ ವೃತ್ತಿಯವರೂ ಹಗುರವಾಗಿ ಪಾರಾಗುತ್ತಿರಲು, ಸಂಬಳಗಾರನೊಬ್ಬನೇ ಒಂದು ಕಾಸನ್ನೂ ಮರೆಮಾಡಲಾರದವನಾದನೆಂಬ ಅಸಮಾಧಾನವು ಕ್ರಮೇಣ ಬೆಳೆಯಿತು. 1979ರಲ್ಲಿ ಬೇಸಾಯಗಾರರ ಮೇಲೆ ವಿಧಿಸಹೊರಟ ಶೇಕಡ 2ರ ಕರದ ವಿಷಯದಲ್ಲಿ ಸರ್ಕಾರವು ಅವರ ಒತ್ತಡಕ್ಕೆ ಮಣಿಯಲು, ಮಾರ್ಚ್ 20ರಂದು ಲಕ್ಷಕ್ಕೂ ಮಿಗಿಲಾದ ದುಡಿಮೆಗಾರರು ಡಬ್ಲಿನ್ನಿನ ಬೀದಿಗಳನ್ನು ತುಂಬಿದರು. ನ್ಯಾಯವು ಅವರ ಪಕ್ಷದಲ್ಲಿತ್ತೆಂಬುದರಲ್ಲಿ ನನಗೆ ಸಂಶಯವಿಲ್ಲ. ಮರುವರ್ಷವೇ ಸಂಬಳಗಾರರಿಗೆಂದು ಪ್ರತ್ಯೇಕ ವಿನಾಯಿತಿಯೊಂದು ಶಾಸನವನ್ನು ಸೇರಿತು.

ಇಂತಹ ರಿಯಾಯಿತಿಗಳ ಚರ್ಚೆಗೆ ನಿಜವಾದ ಕಣ ಕೆಳಮನೆಯೇ. 1937ರ ಸಂವಿಧಾನದ ಪ್ರಕಾರ ಹಣಕಾಸಿನ ಮಸೂದೆಯ ಮೇಲೆ ಮೇಲ್ಮನೆಯು 21 ದಿನಗಳೊಳಗೆ ಶಿಫಾರಸು ಮಾಡಬಹುದೇ ಹೊರತು ತಿದ್ದಲಾರದು.

ಇಂತಹ ರಿಯಾಯಿತಿಗಳಲ್ಲಿ ಇನ್ನೊಂದು ಬೈಸಿಕಲ್ಲಿನದು. ನೌಕರನಿಗೆ ಧಣಿಯು ಕೊಡುವ ಸೌಲಭ್ಯವೂ ಸಾಮಾನ್ಯವಾಗಿ ಆದಾಯವೆಂದೇ ಗಣಿತವಾಗುವುದಾದರೂ, 2009ರಿಂದ ಕೆಲಸಕ್ಕೆ ಹೋಗಿಬರಲು ಕೊಡಿಸುವ ಬೈಸಿಕಲ್ಲು, ಅದರ ಗಂಟೆ, ದೀಪ, ಬೀಗ, ಗಾಳಿಯ ಪಂಪು, ತಲೆಯ ಹೆಲ್ಮೆಟ್ಟು, ಇವೆಲ್ಲ 1000 ಯೂರೋ ಮಿತಿಯೊಳಗೆ ತೆರಿಗೆಯಿಂದ ಮುಕ್ತವಾದುವು. 2020ರಲ್ಲಿ ಆ ಮಿತಿಯು ಸಾಧಾರಣ ಸೈಕಲ್ಲಿಗೆ 1250 ಯೂರೋಗೂ ವಿದ್ಯುತ್ ಸೈಕಲ್ಲಿಗೆ 1500 ಯೂರೋಗೂ ಏರಿತು.