ನಮ್ಮ ಮಕ್ಕಳನ್ನು ಯಾರ ಮಕ್ಕಳ ಜೊತೆ ತೂಗಿದರು?

ಬಾಣಂತಿ ಮನೆಗೆ ಮಗು ನೋಡಲು ಹೋದವರು ಕೇಳುವ ಮೊದಲ ಪ್ರಶ್ನೆ, 'ಎಷ್ಟು ಕೆ.ಜಿ. ಇತ್ತು?' ಐದಾರು ತಿಂಗಳು ಕಳೆಯುವಷ್ಟರಲ್ಲಿ ಅದು, 'ಯಾಕೆ ಮೈ ಹಿಡಿದಿಲ್ಲ, ಎದೆಹಾಲು ಸಾಲ್ತಿಲ್ವಾ?' ಎಂದಾಗುತ್ತದೆ. ಈ ಮಾತಿಗೆ ಹೆದರಿ ಡಬ್ಬಿ ಹಾಲಿನ ಪುಡಿ ತರಿಸಿದ ತಾಯಂದಿರು ನಮ್ಮ ಊರುಗಳಲ್ಲಿ ಎಷ್ಟೋ ಮಂದಿ. ಇದಕ್ಕೆ ಅಜ್ಜಿಯರನ್ನು, ಅಕ್ಕಪಕ್ಕದವರನ್ನು ಮಾತ್ರ ದೂರಿದರೆ ತಪ್ಪಾಗುತ್ತದೆ. ಒಂದು ಕಾಲಕ್ಕೆ ಜಗತ್ತೇ ಒಪ್ಪಿಕೊಂಡಿದ್ದ ತೂಕದ ಪಟ್ಟಿಯೂ ಹೀಗೇ ಕೇಳುವಂತಿತ್ತು. ಆ ಪಟ್ಟಿಯ ಚರಿತ್ರೆಯನ್ನು ನಾವು ತಿಳಿದುಕೊಳ್ಳಬೇಕು.

ಮಗುವಿನ ತೂಕದ ಕಾರ್ಡನ್ನು ತಾಯಿಯ ಕೈಗೆ ಕೊಡುವ ಪದ್ಧತಿಯನ್ನು ಹೆಸರುವಾಸಿ ಮಾಡಿದವರು ಬ್ರಿಟಿಷ್ ವೈದ್ಯ ಡೇವಿಡ್ ಮಾರ್ಲಿ. 1950ರ ದಶಕದ ಕೊನೆಯಲ್ಲಿ ಅವರು ನೈಜೀರಿಯಾದ ಇಮೆಸಿ-ಇಲೆ ಎಂಬ ಹಳ್ಳಿಯಲ್ಲಿ ಕೆಲಸ ಮಾಡುತ್ತಿದ್ದರು. ಅವರ ಕಾರ್ಡಿನಲ್ಲಿ ಮೇಲೊಂದು ಕೆಳಗೊಂದು ಗೆರೆ, ನಡುವೆ ದಾರಿಯಂತಹ ಜಾಗ. ಅದಕ್ಕೆ 'ಆರೋಗ್ಯದ ದಾರಿ' ಎಂದೇ ಹೆಸರು. ತಿಂಗಳು ತಿಂಗಳು ತೂಗಿ ಚುಕ್ಕಿ ಇಟ್ಟು, ಚುಕ್ಕಿಗಳನ್ನು ಕೂಡಿಸಬೇಕು. ಗೆರೆ ಏರುತ್ತಿದ್ದರೆ ಮಗು ಚೆನ್ನಾಗಿದೆ. ಗೆರೆ ಮಲಗಿದರೆ ಏನೋ ತೊಂದರೆ ಇದೆ, ಮಗು ಸೊರಗಿ ಹೋಗುವ ಮೊದಲೇ ಹಿಡಿಯಬಹುದು. ಕಾರ್ಡು ಆಸ್ಪತ್ರೆಯ ಬೀರುವಿನಲ್ಲಿ ಉಳಿಯಲಿಲ್ಲ. ಪ್ಲಾಸ್ಟಿಕ್ ಚೀಲದೊಳಗೆ ತಾಯಿಯ ಜೊತೆ ಮನೆಗೆ ಹೋಯಿತು.

ನಮ್ಮಲ್ಲಿಗೆ ತೂಕದ ಕಾರ್ಡು ಅಂಗನವಾಡಿಯ ಮೂಲಕ ಬಂತು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಯಿತು. ಕರ್ನಾಟಕದಲ್ಲಿ ಆರಿಸಿಕೊಂಡದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವನ್ನು. ಭಾರತೀಯ ಮಕ್ಕಳ ವೈದ್ಯರ ಸಂಘ 1972ರಲ್ಲಿ ಹೇಳಿದ್ದ ಲೆಕ್ಕವನ್ನೇ ಅಂಗನವಾಡಿಗಳು ಹಿಡಿದವು: ಮಾನದಂಡದ ತೂಕದಲ್ಲಿ ಶೇ. 80ಕ್ಕಿಂತ ಹೆಚ್ಚಿದ್ದರೆ ಸರಿ, ಅದಕ್ಕಿಂತ ಇಳಿದರೆ ಒಂದರಿಂದ ನಾಲ್ಕರವರೆಗೆ ದರ್ಜೆ. ಆದರೆ ಆ ಮಾನದಂಡ ಬಂದದ್ದು ಅಮೆರಿಕದ ಬಾಸ್ಟನ್ ನಗರದ ಮಕ್ಕಳಿಂದ. ಕಾವೇರಿ-ಕಪಿಲೆ ಕೂಡುವಲ್ಲಿ ಹುಟ್ಟಿದ ಮಗುವಿನ ಜೊತೆ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಕೂತಿದ್ದು ಬಾಸ್ಟನ್ನಿನ ಮಗು!

1977ರಲ್ಲಿ ಅಮೆರಿಕ ಹೊಸ ಪಟ್ಟಿ ತಂದಿತು. ವಿಶ್ವ ಆರೋಗ್ಯ ಸಂಸ್ಥೆ ಅದನ್ನೇ ಎಲ್ಲ ದೇಶಗಳಿಗೂ ಹೇಳಿತು. ಅದರಲ್ಲಿ ಹಸುಗೂಸುಗಳ ಲೆಕ್ಕ ಬಂದದ್ದು ಒಹಾಯೊ ರಾಜ್ಯದ ಒಂದು ಅಧ್ಯಯನದಿಂದ. ಅಲ್ಲಿನ ಮಕ್ಕಳಲ್ಲಿ ಹೆಚ್ಚಿನವರು ಬಾಟಲಿ ಹಾಲು ಕುಡಿದವರು. ಎದೆಹಾಲಿನ ಮಗು ಮೊದಲ ಎರಡು ಮೂರು ತಿಂಗಳು ಬೇಗ ತೂಕ ಏರಿಸಿಕೊಂಡು ಆಮೇಲೆ ನಿಧಾನಿಸುತ್ತದೆ. ಬಾಟಲಿ ಮಗು ಹಾಗಲ್ಲ. ಹೀಗಾಗಿ ಚೆನ್ನಾಗಿಯೇ ಬೆಳೆಯುತ್ತಿದ್ದ ಎದೆಹಾಲಿನ ಮಗು ಆ ಪಟ್ಟಿಯಲ್ಲಿ ಹಿಂದೆ ಬಿದ್ದಂತೆ ಕಾಣುತ್ತಿತ್ತು. ತಾಯಿಯಲ್ಲಿ ಕೊರತೆ ಇರಲಿಲ್ಲ, ಅಳತೆಗೋಲಿನಲ್ಲಿತ್ತು.

ಇದನ್ನು ಸರಿಪಡಿಸಲು 1997ರಿಂದ 2003ರವರೆಗೆ ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕ ಈ ಆರು ದೇಶಗಳಲ್ಲಿ ಸುಮಾರು 8,500 ಮಕ್ಕಳನ್ನು ಅಳೆದರು. ಭಾರತದ ಮಕ್ಕಳು ದಕ್ಷಿಣ ದೆಹಲಿಯವರು. ಆರಿಸಿಕೊಂಡದ್ದು ಎದೆಹಾಲು ಕುಡಿದ, ಹೊಟ್ಟೆಬಟ್ಟೆಗೆ ಕೊರತೆಯಿಲ್ಲದ ಮನೆಯ ಮಕ್ಕಳನ್ನು. ಅನುಕೂಲ ಸಿಕ್ಕರೆ ಐದು ವರ್ಷದವರೆಗೆ ಎಲ್ಲ ದೇಶದ ಮಕ್ಕಳೂ ಹೆಚ್ಚುಕಡಿಮೆ ಒಂದೇ ಥರ ಬೆಳೆಯುತ್ತಾರೆ ಎಂದು ಗೊತ್ತಾಯಿತು. 'ನಮ್ಮ ಜಾತಿಯೇ ಸಣ್ಣದು ಬಿಡಿ' ಎಂಬ ಮಾತಿಗೆ ಇದೇ ಉತ್ತರ. 2006ರಲ್ಲಿ ಹೊಸ ಪಟ್ಟಿ ಬಂತು, 2008ರಲ್ಲಿ ಭಾರತದ ಅಂಗನವಾಡಿಗಳು ಅದನ್ನು ಒಪ್ಪಿಕೊಂಡವು.

ಆ ಪಟ್ಟಿಯ ಪ್ರಕಾರ ಗಂಡುಮಗುವಿನ ನಡುಮಟ್ಟದ ತೂಕ ಹುಟ್ಟಿದಾಗ 3.3 ಕೆ.ಜಿ., ಆರು ತಿಂಗಳಿಗೆ 7.9, ವರ್ಷಕ್ಕೆ 9.6. ಹೆಣ್ಣುಮಗುವಿನದು 3.2, 7.3, 8.9. ಲೆಕ್ಕ ಹಾಕಿ ನೋಡಿ: ಗಂಡುಮಗು ಮೊದಲ ಆರು ತಿಂಗಳಲ್ಲಿ 4.6 ಕೆ.ಜಿ. ಏರಿದರೆ ಮುಂದಿನ ಆರು ತಿಂಗಳಲ್ಲಿ ಏರುವುದು 1.7 ಮಾತ್ರ. ಈ ನಿಧಾನ ಸಹಜ. ಹಾಗಂತ ತೂಕ ನಿಂತೇ ಹೋದರೆ, ಇಳಿದರೆ ಸುಮ್ಮನಿರಬಾರದು, ವೈದ್ಯರಿಗೆ ತೋರಿಸಬೇಕು. ಆರು ತಿಂಗಳು ತುಂಬಿದ ಮೇಲೆ ಎದೆಹಾಲಿನ ಜೊತೆ ಗಟ್ಟಿಯಾದ ರಾಗಿ ಸರಿ, ಬೇಳೆ ಹಾಕಿ ಮೆತ್ತಗೆ ಕಿವುಚಿದ ಅನ್ನ, ಮೇಲೊಂದು ಚಮಚ ತುಪ್ಪ ಬೇಕು. ಬರೀ ಬೇಳೆಕಟ್ಟಿನ ತಿಳಿಯಿಂದ ತೂಕ ಏರುವುದಿಲ್ಲ.

ಪಟ್ಟಿ ಸರಿಹೋಯಿತು. ಆದರೆ ಮಾರ್ಲಿಯವರ ಕಾರ್ಡು ತಾಯಿಗಾಗಿ ಇತ್ತು ಎಂಬುದು ಮರೆತಂತಿದೆ. ಇವತ್ತು ಅಂಗನವಾಡಿ ಕಾರ್ಯಕರ್ತೆ ತೂಗಿದ ಅಂಕಿ ಮೊಬೈಲಿನಿಂದ ನೇರ ಮೇಲಿನ ಕಚೇರಿಗೆ ಹೋಗುತ್ತದೆ. ಅದನ್ನು ತಾಯಿಗೆ ಬಿಡಿಸಿ ಹೇಳಲು ಆಕೆಗೆ ಪುರಸೊತ್ತು ಬೇಕಲ್ಲ? ಮುಂದಿನ ಸಲ ಮಗುವನ್ನು ತೂಗಿಸಿದಾಗ 'ಎಷ್ಟು ಕೆ.ಜಿ.?' ಎಂದಷ್ಟೇ ಕೇಳಬೇಡಿ. 'ಗೆರೆ ತೋರಿಸಿ ಅಕ್ಕಾ, ಹೋದ ತಿಂಗಳಿಗಿಂತ ಮೇಲೆ ಹೋಗಿದೆಯಾ?' ಎಂದು ಕೇಳಿ.